ಬೆಚ್ಚನೆಯ ಲೆಕ್ಕ

ದೆಹಲಿಯ ಚಳಿಯನ್ನು ಮೂವತ್ತು ವರ್ಷ ಕಂಡವರು ನಾವಿಬ್ಬರು. ರಜಾಯಿ, ಉಣ್ಣೆಯ ಶಾಲು, ಕಾಲ ಬಳಿಯೊಂದು ಹೀಟರು. ಇಷ್ಟಿದ್ದರೆ ಜನವರಿ ಕಳೆಯಿತೆಂದೇ ನಮ್ಮ ಲೆಕ್ಕ. ಇಡೀ ಮನೆಯನ್ನೇ ಬೆಚ್ಚಗಿಡುವ ವ್ಯವಸ್ಥೆಯನ್ನು ನಾವು ಮೊದಲು ಕಂಡದ್ದು ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ಮಗಳ ಮನೆಯಲ್ಲಿ. ಅಡುಗೆಮನೆಯ ಬಾಯ್ಲರು ಗ್ಯಾಸಿನಿಂದ ನೀರು ಕಾಯಿಸುತ್ತದೆ. ಆ ನೀರು ಕೊಳವೆಗಳಲ್ಲಿ ಹರಿದು ಕೋಣೆಕೋಣೆಯ ರೇಡಿಯೇಟರುಗಳನ್ನು ಬಿಸಿಮಾಡಿ ಮರಳುತ್ತದೆ. ಎಷ್ಟು ಬಿಸಿಯೆಂಬ ತೀರ್ಮಾನ ಮಾತ್ರ ಹಜಾರದ ಗೋಡೆಯ ಮೇಲಿದ್ದ ಥರ್ಮೋಸ್ಟಾಟಿನದು.

ಮೊದಲ ವಾರ ಬೇಗ ಬೆಚ್ಚಗಾಗಲೆಂದು ನಾವು ಅದನ್ನು 27ಕ್ಕೆ ತಿರುಗಿಸಿಟ್ಟೆವು. ಅದು ಒಲೆಯ ಉರಿ ಏರಿಸುವ ಗುಂಡಿಯೆಂದು ಭಾವಿಸಿದ್ದೇ ನಮ್ಮ ತಪ್ಪು. ಮಗಳು ವಿವರಿಸಿದಳು: ಆ ಹಳೆಯ ಸಾಧನವನ್ನು 20ಕ್ಕಿಟ್ಟರೂ 27ಕ್ಕಿಟ್ಟರೂ ಮನೆ ಕಾಯುವ ವೇಗ ಒಂದೇ, ಎಲ್ಲಿ ನಿಲ್ಲಬೇಕೆಂಬುದನ್ನಷ್ಟೇ ಅಂಕಿ ಹೇಳುತ್ತದೆ.

ಗ್ಯಾಸಿನ ಬಿಲ್ಲು ಬಂದ ಮೇಲೆ ಹಳೆಯದನ್ನು ತೆಗೆಸಿ ಹೊಸದನ್ನು ಹಾಕಿಸಿದಳು. ಹೊತ್ತುಹೊತ್ತಿಗೆ ಬೇರೆ ಬೇರೆ ಉಷ್ಣತೆ, ಎಲ್ಲದರ ಹಿಡಿತ ಫೋನಿನಲ್ಲಿ, ಮಲಗುವ ಕೋಣೆಗಳ ರೇಡಿಯೇಟರುಗಳಿಗೆ ತಾವಾಗಿ ಮುಚ್ಚಿಕೊಳ್ಳುವ ಕವಾಟ. ಹಜಾರದ ರೇಡಿಯೇಟರಿಗೆ ಮಾತ್ರ ಕವಾಟ ಬೇಡವೆಂದ ಕೆಲಸದವನು. ಅದು ಮುಚ್ಚಿಕೊಂಡರೆ ಹಜಾರ ತಣ್ಣಗೇ ಉಳಿದು, ಥರ್ಮೋಸ್ಟಾಟು ಬಾಯ್ಲರನ್ನು ಉರಿಸುತ್ತಲೇ ಇರುತ್ತದಂತೆ.

ಆ ಬಿಲ್ಲಿನ ಮೊತ್ತ ನಮ್ಮ ಕಣ್ಣಿಗೂ ಬಿದ್ದಿತ್ತು. ಮಗಳು ಕಚೇರಿಗೆ ಹೊರಟೊಡನೆ 14ಕ್ಕೆ ಇಳಿಸಿ ಶಾಲು ಹೊದ್ದು ಕುಳಿತೆವು. ಅವಳು ಮರಳುವ ಮುನ್ನ ಏರಿಸಿದೆವು. ಹೊಸ ಸಾಧನ ದಿನದ ಏರಿಳಿತವನ್ನೆಲ್ಲ ಗೆರೆಯಾಗಿ ಎಳೆದು ಅವಳ ಫೋನಿಗೆ ತೋರಿಸುತ್ತದೆಂಬುದು ನಮಗೆ ಹೊಳೆದಿರಲಿಲ್ಲ.

ನಾಲ್ಕನೆಯ ಮಧ್ಯಾಹ್ನ ಕರೆ ಬಂತು. "ಅಪ್ಪಾ, ಯಾಕೆ ಹೀಗೆ ಮಾಡ್ತೀರಿ? ಮನೆಯೊಳಗೆ 18ಕ್ಕಿಂತ ಕೆಳಗೆ ಹೋಗಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಅಮ್ಮನಿಗೆ ಮೊದಲೇ ಉಬ್ಬಸ." ಕೋಪದಲ್ಲಿ ಶುರುವಾದ ಮಾತು ಅಳುವಿನಲ್ಲಿ ನಿಂತಿತು. ಉಳಿಸಿದ ಹಣ ಅವಳಿಗೆ ಬೇಕಿರಲಿಲ್ಲ. ತನ್ನ ಮನೆಯಲ್ಲಿ ನಾವು ಪರರಂತೆ ಮುದುಡಿ ಕುಳಿತದ್ದು ಅವಳನ್ನು ನೋಯಿಸಿತ್ತು.

ದೆಹಲಿಗೆ ಮರಳಿ ಎರಡು ವರ್ಷವಾಯಿತು. ಇಲ್ಲಿನ ಗೋಡೆಯಿಂದ ಅವಳಿಗೆ ಸುದ್ದಿ ಹೋಗುವುದಿಲ್ಲ. "ಚಳಿಯೇ?" ಎಂದರೆ "ಬೆಚ್ಚಗಿದ್ದೇವೆ" ಎನ್ನುವುದು ನಮ್ಮ ಹಳೆಯ ರೂಢಿ. ಈ ಚಳಿಗಾಲ ಅಗ್ಗದ ಉಷ್ಣಮಾಪಕವೊಂದನ್ನು ತಂದು ತೂಗುಹಾಕಿದ್ದೇವೆ. ಅವಳು ಕೇಳಿದಾಗ ಅಂಕಿಯನ್ನು ಇದ್ದಂತೆಯೇ ಓದಿ ಹೇಳುತ್ತೇವೆ. ನಿನ್ನೆ 13 ಇತ್ತು. ಹೀಟರು ಹಾಕಿಕೊಳ್ಳಿ ಎಂದಳು, ಹಾಕಿಕೊಂಡೆವು.