ಗೆರೆಯಲ್ಲಿ ಕಂಡ ಋತುಮಾನ

ತಾಳೆಗರಿಗಳ ಒಡನಾಟದಲ್ಲಿ ಆಯುಷ್ಯದ ಹೆಚ್ಚಿನ ಭಾಗವನ್ನು ಕಳೆದ ನನ್ನಂಥವನು, ಅರವತ್ತು ದಾಟಿದ ಮೇಲೆ ಪೆನ್ನು ಮತ್ತು ಬಣ್ಣದ ಡಬ್ಬಿ ಹಿಡಿದು ಬೀದಿಬದಿಯಲ್ಲಿ ಕುಳಿತರೆ ಕಂಡವರಿಗೆ ಸೋಜಿಗವೆನಿಸುವುದು ಸಹಜ. ‘ಈ ವಯಸ್ಸಿನಲ್ಲಿ ಇದೇನು ಹೊಸ ಹವ್ಯಾಸ?’ ಎಂದು ಕೇಳಿದವರು ಅನೇಕರು. ನಿಂತ ನಿಲುವಿನಲ್ಲಿ ಅವರಿಗೆ ಹೇಳಲಾಗದ ಉತ್ತರವನ್ನು ಈ ಪತ್ರಿಕೆಯ ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆಂಬ ಬಯಕೆಯಿಂದ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಧಾರವಾಡ ಸೀಮೆಯ ಎರೆಮಣ್ಣಿನ ಹಳ್ಳಿಯಲ್ಲಿ. ಬೆಳೆದದ್ದು ಮಠದ ಪಾಠಶಾಲೆಯಲ್ಲಿ. ಹಳೆಯ ಓಲೆಗಳನ್ನು ಓದಿ ಕಾಗದಕ್ಕೆ ಇಳಿಸುವ ಕೆಲಸವನ್ನು ಗುರುಗಳು ನಮಗೆ ಚಿಕ್ಕಂದಿನಲ್ಲೇ ಕಲಿಸಿದ್ದರು. ಲೋಹದ ಕಂಟದಿಂದ ಗರಿಯ ಮೇಲೆ ಒಮ್ಮೆ ಕೊರೆದ ಗೆರೆಯನ್ನು ಅಳಿಸುವಂತಿಲ್ಲ. ಬರೆಯುವ ಮೊದಲೇ ಲಿಪಿಕಾರನ ಮನಸ್ಸಿನಲ್ಲಿ ಅಕ್ಷರದ ಆಕಾರ ಸ್ಪಷ್ಟವಾಗಿರಬೇಕು. ಮಗನ ಉದ್ಯೋಗದ ನಿಮಿತ್ತ ಮಣಿಪಾಲಕ್ಕೆ ಬಂದು ನೆಲೆಸಿದಾಗ ನನ್ನೊಡನೆ ಬಂದ ಆಸ್ತಿ ಈ ಒಂದು ಅಭ್ಯಾಸ ಮಾತ್ರ. ನಾನು ಇಂದಿಗೂ ರಬ್ಬರು ಬಳಸದೆ ಪೆನ್ನಿನಿಂದಲೇ ಚಿತ್ರ ಬರೆಯುತ್ತೇನೆ. ನೋಡುವುದಕ್ಕೆ ಹೆಚ್ಚು ಹೊತ್ತು, ಬರೆಯುವುದಕ್ಕೆ ಕಡಿಮೆ ಹೊತ್ತು ಎಂಬುದು ನಾನು ಇಟ್ಟುಕೊಂಡಿರುವ ನಿಯಮ.

ಇನ್ನೊಂದು ನಿಯಮವೂ ಉಂಟು. ಹೊಸ ಹೊಸ ಸ್ಥಳಗಳನ್ನು ಅರಸದೆ, ಆರಿಸಿಕೊಂಡ ನಾಲ್ಕಾರು ತಾಣಗಳನ್ನೇ ವರ್ಷವಿಡೀ ಮತ್ತೆ ಮತ್ತೆ ಬರೆಯುವುದು. ಫ್ರಾನ್ಸ್ ದೇಶದ ಕ್ಲೋದ್ ಮೊನೆ ಎಂಬ ಮಹಾಚಿತ್ರಕಾರ 1890 ಮತ್ತು 1891ರಲ್ಲಿ ತನ್ನ ಮನೆಯ ಸಮೀಪದ ಹೊಲದಲ್ಲಿದ್ದ ಬಣವೆಗಳನ್ನು ಬೇಸಿಗೆಯ ಬಿಸಿಲಿನಲ್ಲಿ, ಹಿಮ ಬಿದ್ದ ಮುಂಜಾವಿನಲ್ಲಿ, ಸೂರ್ಯಾಸ್ತದಲ್ಲಿ ಬಗೆಬಗೆಯಾಗಿ ಚಿತ್ರಿಸಿದನು. ಬಣವೆ ನಮ್ಮ ಬಯಲುಸೀಮೆಯ ಪ್ರತಿಯೊಂದು ಹಿತ್ತಲಿನಲ್ಲಿಯೂ ಇದ್ದ ವಸ್ತು. ಅದನ್ನು ಚಿತ್ರಕ್ಕೆ ತಕ್ಕುದೆಂದು ನಾವು ಎಣಿಸಿರಲಿಲ್ಲ. ವಸ್ತು ಒಂದೇ ಆದರೂ ಅದರ ಮೇಲೆ ಬೀಳುವ ಬೆಳಕು ಗಳಿಗೆಗೊಮ್ಮೆ ಬೇರೆಯಾಗುತ್ತದೆಂಬ ಸತ್ಯವನ್ನು ಆತ ಆ ಹುಲ್ಲಿನ ರಾಶಿಯಲ್ಲಿ ಕಂಡನು.

ಮಣಿಪಾಲಕ್ಕೆ ಆ ಹೆಸರು ಬಂದದ್ದು ಇಲ್ಲಿನ ಮಣ್ಣಪಳ್ಳ ಎಂಬ ಕೆರೆಯಿಂದ ಎನ್ನುತ್ತಾರೆ. ಈ ಗುಡ್ಡದ ನೆಲವೆಲ್ಲ ಮುರಕಲ್ಲು. ಕಬ್ಬಿಣದ ತುಕ್ಕಿನ ಅಂಶದಿಂದ ಈ ಕಲ್ಲಿಗೆ ಕೆಂಪು ಬಣ್ಣ ಬಂದಿದೆ. ನನ್ನ ಡಬ್ಬಿಯಲ್ಲಿ ‘ಬರ್ನ್ಟ್ ಸಿಯೆನ್ನಾ’ ಎಂಬ ಕೆಂಗಂದು ಬಣ್ಣವೊಂದಿದೆ. ಅದೂ ಮೂಲತಃ ಕಬ್ಬಿಣದ ಅಂಶವಿರುವ ಮಣ್ಣನ್ನು ಸುಟ್ಟು ಮಾಡುತ್ತಿದ್ದ ಬಣ್ಣ. ಇಟಲಿಯ ಒಂದು ಊರಿನ ಹೆಸರನ್ನು ಹೊತ್ತ ಬಣ್ಣವು ನಮ್ಮ ಬಾವಿಕಟ್ಟೆಯ ಕಲ್ಲಿಗೆ ನಂಟನೆಂದು ತಿಳಿದಾಗ ನನಗಾದ ಹಿಗ್ಗು ಚಿಕ್ಕದಲ್ಲ.

ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುತ್ತದೆ. ಜೂನ್ ತಿಂಗಳು ಕಾಲಿಟ್ಟಿತೆಂದರೆ ಕಾಗದ ಬೆವರತೊಡಗುತ್ತದೆ. ಬಳಿದ ಜಲವರ್ಣ ಗಂಟೆ ಕಳೆದರೂ ಆರುವುದಿಲ್ಲ. ಪುಸ್ತಕದ ಅಂಚಿಗೆ ಬೂಷ್ಟು ಹಿಡಿಯುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಾದರೋ ಕುಂಚವೆತ್ತುವಷ್ಟರಲ್ಲಿ ಬಣ್ಣ ಒಣಗಿ ಅಂಚು ಕಟ್ಟುತ್ತದೆ. ಹೀಗೆ ಚಿತ್ರದ ವಿಷಯ ಮಾತ್ರವಲ್ಲದೆ, ಚಿತ್ರ ಬರೆಯುವ ರೀತಿಯೂ ಋತುವಿಗೆ ಅಧೀನವಾಗಿರುವುದನ್ನು ನಾನು ಇಲ್ಲಿ ಕಂಡುಕೊಂಡೆ.

ಆದರೆ ಋತುವೆಂಬುದು ಬಿಸಿಲು ಮಳೆಗಳ ಹೆಸರಷ್ಟೇ ಅಲ್ಲ. ದುಡಿಯುವವರ ಪಾಲಿಗೆ ಅದು ಕೆಲಸದ ಪಂಚಾಂಗ. ಜೂನ್ 1ರಿಂದ ಜುಲೈ 31ರವರೆಗೆ, ಮೀನು ಮರಿಯಿಡುವ ಕಾಲವೆಂದು ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಮಲ್ಪೆಯ ಬಂದರಿನಲ್ಲಿ ದೋಣಿಗಳು ಒತ್ತೊತ್ತಾಗಿ ನಿಂತಿರುತ್ತವೆ; ನೆಲದ ಮೇಲೆ ಹರಡಿದ ಬಲೆಗಳ ಹರುಕನ್ನು ಹೊಲಿಯುವ ಕೈಗಳು ಕಾಣುತ್ತವೆ. ಕಾಪುವಿನ ಕಡಲ ತೀರದ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭವನ್ನು ನಾನು ಎಲ್ಲ ಋತುಗಳಲ್ಲಿಯೂ ಬರೆದಿದ್ದೇನೆ. ಬೇಸಿಗೆಯ ಸಂಜೆ ಅದರ ಸುತ್ತ ಪ್ರವಾಸಿಗರ ಜಾತ್ರೆ. ಆಟಿ ತಿಂಗಳ ಮಳೆಯಲ್ಲಿ ಕಡಲು ಬೂದಿಬಣ್ಣ ತಳೆದು ಮುಗಿಲೊಡನೆ ಬೆರೆತುಹೋದಾಗ ಆ ಸ್ತಂಭ ಒಂಟಿಯಾಗಿ ಉಳಿಯುತ್ತದೆ. ಅದನ್ನು ಕಟ್ಟಿಸಿದ್ದು ಯಾರಿಗಾಗಿ ಎಂಬುದು ಆಗ ಮನಸ್ಸಿಗೆ ನಾಟುತ್ತದೆ.

ಕಾಪುವಿಗೆ ಸಮೀಪದ ಶಂಕರಪುರದಲ್ಲಿ ಮಲ್ಲಿಗೆಯೇ ಅನೇಕ ಮನೆಗಳ ಅನ್ನ. ನಸುಕಿನಲ್ಲಿ ಕೊಯ್ದ ಮೊಗ್ಗುಗಳನ್ನು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಸುಮಾರು 800 ಮೊಗ್ಗುಗಳಿಗೆ ಒಂದು ಚೆಂಡು, ನಾಲ್ಕು ಚೆಂಡುಗಳಿಗೆ ಒಂದು ಅಟ್ಟೆ. ಜಗಲಿಯಲ್ಲಿ ಕುಳಿತ ಹೆಂಗಸರ ಬೆರಳುಗಳನ್ನು ಬರೆಯಲು ನಾನು ಹಲವು ಬೆಳಗು ಯತ್ನಿಸಿದ್ದೇನೆ. ಕಣ್ಣು ಬೆರಳನ್ನು ಹಿಡಿಯುವುದರೊಳಗೆ ಗಂಟು ಬಿದ್ದಿರುತ್ತದೆ. ಮುಡಿಯಲ್ಲಿ ಹೂವನ್ನು ಕಂಡವರು ನಾವೆಲ್ಲ. ಅದರ ಹಿಂದಿನ ಎಣಿಕೆಯನ್ನೂ ಆತುರವನ್ನೂ ಕಂಡವರು ಎಷ್ಟು ಮಂದಿ?

ಮಳೆಗಾಲದಲ್ಲಿ ಉಡುಪಿಯ ರಥಬೀದಿಯಲ್ಲಿ ರಥಗಳು ಹೊರಡುವುದು ಅಪರೂಪ. ಕಾರ್ತಿಕದ ಉತ್ಥಾನ ದ್ವಾದಶಿಯ ಬಳಿಕ ಉತ್ಸವಗಳು ಮತ್ತೆ ಆರಂಭವಾಗಿ, ಮಕರ ಸಂಕ್ರಮಣದಂದು ಮೂರು ತೇರುಗಳು ಬೀದಿಗೆ ಬರುತ್ತವೆ. ನನಗೆ ಪ್ರಿಯವಾದ ಚಿತ್ರ ತೇರಿನದಲ್ಲ. ತೇರು ಕಟ್ಟುವ ಕೆಲಸಗಾರರು ಹಗ್ಗ ಬಿಗಿಯುವ ಹಿಂದಿನ ದಿನದ್ದು. ಚಳಿಗಾಲದಲ್ಲಿ ಕಾರ್ಕಳಕ್ಕೆ ಹೋದರೆ ಅಲ್ಲಿನ ಬೆಳಕು ಬೇರೆ. 1586ರಲ್ಲಿ ನಿರ್ಮಾಣವಾದ ಚತುರ್ಮುಖ ಬಸದಿಯ ಮೆಟ್ಟಿಲಲ್ಲಿ ಕುಳಿತರೆ, ಎದುರಿನ ಬಂಡೆಯ ಮೇಲೆ 1432ರಲ್ಲಿ ಪ್ರತಿಷ್ಠಾಪಿಸಲ್ಪಟ್ಟ 42 ಅಡಿಯ ಬಾಹುಬಲಿ ಕಾಣುತ್ತಾನೆ. ಐದೂವರೆ ಶತಮಾನಗಳಿಗೂ ಮಿಕ್ಕಿದ ಬಿಸಿಲು ಮಳೆಗೆ ಮೈಯೊಡ್ಡಿದ ಆ ಕಲ್ಲು ಸಂಜೆಯ ಹೊತ್ತಿಗೆ ಜೇನಿನ ಬಣ್ಣ ತಳೆಯುತ್ತದೆ. ಅಲ್ಲಿಯೂ ನನ್ನ ಪುಸ್ತಕದಲ್ಲಿ ಹೆಚ್ಚು ಜಾಗ ಪಡೆದವರು ಕೆಳಗಿನ ಪೇಟೆಯಲ್ಲಿ ಹೊರೆ ಇಳಿಸುವ ಮಂದಿ.

ಈ ನೆಲದ ದಿನನಿತ್ಯದ ಬದುಕು ಚಿತ್ರಕ್ಕೆ ಯೋಗ್ಯವೆಂದು ಜಗತ್ತಿಗೆ ತೋರಿಸಿದವರು ಕೆ.ಕೆ. ಹೆಬ್ಬಾರರು. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಅವರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕೆಲವು ಕಾಲ ಬೋಧಿಸಿ, ಪ್ಯಾರಿಸ್ಸಿನಲ್ಲಿಯೂ ಅಭ್ಯಾಸ ಮಾಡಿದರು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರಿಗೆ ಸಂದವು. 1996ರಲ್ಲಿ ಮುಂಬಯಿಯಲ್ಲಿ ಕಾಲವಶರಾದರು. ಲಯದ ಮರ್ಮವನ್ನು ಅರಿಯಲೆಂದು ಕಥಕ್ ನೃತ್ಯವನ್ನೂ ಕಲಿತವರು ಅವರು. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯಲ್ಲಿ ಅವರ ಕೃತಿಗಳ ಸಂಗ್ರಹವಿದೆ. ಅವರ ರೇಖಾಚಿತ್ರಗಳಲ್ಲಿ ಎಷ್ಟೋ ವೇಳೆ ಮುಖದ ವಿವರವೇ ಇರುವುದಿಲ್ಲ. ಬಾಗಿದ ಬೆನ್ನು, ಎತ್ತಿದ ತೋಳು, ಊರಿದ ಹೆಜ್ಜೆ – ಇವನ್ನು ಒಂದೇ ಉಸಿರಿನ ಗೆರೆಯಲ್ಲಿ ಹಿಡಿದಿರುತ್ತಾರೆ. ಮನುಷ್ಯನ ಗುರುತು ಮುಖದಲ್ಲಿರುವಷ್ಟೇ ಅವನ ದುಡಿಮೆಯ ಭಂಗಿಯಲ್ಲಿಯೂ ಇದೆಯೆಂದು ಆ ಗೆರೆಗಳು ಹೇಳುವಂತೆ ನನಗೆ ತೋರುತ್ತದೆ. ಕಾಯಕದ ಹೆಸರಿನಿಂದಲೇ ಶರಣರನ್ನು ಗುರುತಿಸುವ ಪರಂಪರೆಯಲ್ಲಿ ಬೆಳೆದ ನಮಗೆ ಇದು ಅಪರಿಚಿತವಾದ ಮಾತಲ್ಲ.

ಈ ಮಾತಿನ ನಿಜವನ್ನು ನನಗೆ ಮನಗಾಣಿಸಿದವಳು ಒಬ್ಬ ವೃದ್ಧೆ. ಈ ಸೀಮೆಯಲ್ಲಿ ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸುತ್ತಾರೆ. ನೀರು ನಿಲ್ಲುವ ತಗ್ಗಿನದು ಬೈಲು, ನಡುವಿನದು ಮಜಲು, ಮಳೆಯನ್ನೇ ನಂಬಿದ ಎತ್ತರದ್ದು ಬೆಟ್ಟು. ನಮ್ಮ ಗುಡ್ಡದ ಬುಡದಲ್ಲಿದ್ದ ಒಂದು ಬೈಲನ್ನು ನಾನು ಮೂರು ಮಳೆಗಾಲ ಸತತವಾಗಿ ಬರೆದೆ. ಏಣೆಲು ಬೆಳೆಯ ನಾಟಿಗೆ ಏಳೆಂಟು ಮಂದಿ ಹೆಂಗಸರು ಸಾಲಾಗಿ ಬಾಗಿ ನಿಲ್ಲುತ್ತಿದ್ದರು. ಹಿಂದಿನ ಕಾಲದ ಗೊರಬೆಯ ಬದಲು ಬೆನ್ನ ಮೇಲೆ ಪ್ಲಾಸ್ಟಿಕ್ ಹಾಳೆ. ಬಾಯಲ್ಲಿ ಒಮ್ಮೊಮ್ಮೆ ಪಾಡ್ದನದ ಎಳೆ. ದೂರದ ಕಟ್ಟೆಯ ಮೇಲೆ ಕೊಡೆಯಡಿ ಕುಳಿತ ನನಗೆ ಅವರ ಮುಖಗಳು ಕಾಣುತ್ತಿರಲಿಲ್ಲ.

ನಾಲ್ಕನೆಯ ವರ್ಷ ನಾಟಿ ನಡೆಯಲಿಲ್ಲ. ಆಳು ಸಿಗುವುದಿಲ್ಲ, ಕೂಲಿ ಗಿಟ್ಟುವುದಿಲ್ಲ, ಮಕ್ಕಳು ಪರವೂರಿನಲ್ಲಿದ್ದಾರೆ ಎಂದು ಒಡೆಯರು ಗದ್ದೆಯನ್ನು ಹಡಿಲು ಬಿಟ್ಟರು. ಅದರ ಮರುವರ್ಷ ಒಂದು ಅಂಚಿಗೆ ಕೆಮ್ಮಣ್ಣಿನ ಲಾರಿಗಳು ಬಂದವು. ಯಾರನ್ನೂ ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಗದ್ದೆಯ ಆದಾಯದಲ್ಲಿ ಮನೆ ನಡೆಸಬೇಕಾದವರ ಕಷ್ಟ ಕಟ್ಟೆಯ ಮೇಲೆ ಕುಳಿತು ಚಿತ್ರ ಬರೆಯುವವನಿಗೆ ಪೂರ್ತಿಯಾಗಿ ತಿಳಿಯದು. 2021ರಲ್ಲಿ ಉಡುಪಿಯಲ್ಲಿ ಹಡಿಲು ಗದ್ದೆಗಳನ್ನು ಮತ್ತೆ ಬೇಸಾಯಕ್ಕೆ ತರುವ ಆಂದೋಲನವೊಂದು ನಡೆದು, ಪಾಳುಬಿದ್ದ ಎಷ್ಟೋ ಗದ್ದೆಗಳು ಹಸಿರಾದದ್ದೂ ಉಂಟು. ಆದರೆ ನಾನು ಬರೆದ ಆ ಬೈಲಿಗೆ ಹಸಿರು ಮರಳಲಿಲ್ಲ.

ಆ ದಿನಗಳಲ್ಲೇ ಒಮ್ಮೆ, ನಾಟಿಗೆ ಬರುತ್ತಿದ್ದ ಆ ವೃದ್ಧೆ ದಾರಿಯಲ್ಲಿ ನಿಂತು ನನ್ನ ಪುಸ್ತಕ ನೋಡಲು ಕೇಳಿದಳು. ಹಾಳೆ ತಿರುವುತ್ತ ನಾಟಿಯ ಚಿತ್ರಕ್ಕೆ ಬಂದಾಗ ಅವಳ ಕೈ ತಡೆಯಿತು. ಮೂಗು ಬಾಯಿಗಳಿಲ್ಲದ ಆ ಗೆರೆಗಳ ಮೇಲೆ ಬೆರಳಿಟ್ಟು, ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರನ್ನೂ ಹೇಳತೊಡಗಿದಳು. ‘ಇವಳು ಸೊಂಟದ ಮೇಲೆ ಕೈಯಿಟ್ಟೇ ನಡುವನ್ನು ಎತ್ತುವುದು. ಇವಳದ್ದು ಯಾವಾಗಲೂ ಒಂದು ಹೆಜ್ಜೆ ಮುಂದೆ. ಇದು ನಾನು.’ ಕೊನೆಯ ಆಕೃತಿಯ ಬಳಿ ಅವಳು ಬಹಳ ಹೊತ್ತು ಸುಮ್ಮನಿದ್ದಳು. ‘ಇವಳು ಈಗ ಇಲ್ಲ. ಇವಳ ಒಂದು ಫೋಟೋ ಕೂಡ ಅವಳ ಮನೆಯಲ್ಲಿಲ್ಲ’ ಎಂದಳು. ಮರುದಿನ ಆ ಚಿತ್ರದ ಪ್ರತಿಯೊಂದನ್ನು ಬರೆದು ಆ ಮನೆಗೆ ಮುಟ್ಟಿಸಿದೆ. ದೇವರ ಗೂಡಿನ ಪಕ್ಕದಲ್ಲಿ ಅದನ್ನು ಅಂಟಿಸಿದ್ದಾರೆಂದು ಆಮೇಲೆ ಕೇಳಿದೆ.

ನಾನು ಕಲಾವಿದನಲ್ಲ. ನನ್ನ ಮನೆಗಳ ಮಾಡು ಇಂದಿಗೂ ಒಂದು ಬದಿಗೆ ವಾಲುತ್ತದೆ. ಆದರೂ ಶ್ರದ್ಧೆಯಿಂದ ನೋಡಿ ಎಳೆದ ಒಂದು ಗೆರೆ ಒಂದು ಮನೆಯವರಿಗೆ ತಮ್ಮವಳನ್ನು ಮರಳಿ ಕೊಡಬಲ್ಲುದಾದರೆ, ಈ ಕೆಲಸ ಕೇವಲ ಕಾಲಹರಣವಲ್ಲವೆಂದು ನಾನು ತಿಳಿದಿದ್ದೇನೆ. ಚಿತ್ರ ಗದ್ದೆಯನ್ನು ಮರಳಿ ಉಳಲಾರದು. ಅಲ್ಲಿ ಗದ್ದೆಯೊಂದಿತ್ತು, ಇಂಥವರು ಅದರಲ್ಲಿ ಹೀಗೆ ಬಾಗಿದ್ದರು ಎಂಬುದಕ್ಕೆ ಸಾಕ್ಷಿ ನುಡಿಯಬಲ್ಲುದು.

ಕುಟುಂಬವಂತರಾದ ಓದುಗರಲ್ಲಿ ನನ್ನದೊಂದು ಅರಿಕೆ. ಮಕ್ಕಳ ಕೈಗೆ ಗೆರೆಯಿಲ್ಲದ ಒಂದು ಪುಸ್ತಕವನ್ನೂ ಒಂದು ಪೆನ್ಸಿಲನ್ನೂ ಕೊಡಿರಿ. ಪರ್ವತ, ಸೂರ್ಯೋದಯಗಳನ್ನು ಪುಸ್ತಕ ನೋಡಿ ಬರೆಯಲು ಹೇಳಬೇಡಿರಿ. ಅಜ್ಜಿ ಅಕ್ಕಿ ಆರಿಸುವುದನ್ನು, ತಾಯಿ ರೊಟ್ಟಿ ತಟ್ಟುವುದನ್ನು, ಬೀದಿಯ ಚಮ್ಮಾರನು ಅಟ್ಟೆ ಹೊಲಿಯುವುದನ್ನು ನೋಡಿ ಬರೆಯಲು ಹೇಳಿರಿ. ಬರೆದ ಹಾಳೆಯ ಕೆಳಗೆ ತಿಂಗಳು, ವರ್ಷ, ಸ್ಥಳ, ಅವರ ಹೆಸರು ಇಷ್ಟನ್ನು ತಪ್ಪದೆ ನಮೂದಿಸಲಿ. ಚಿತ್ರ ಚೆನ್ನಾಗಿದೆಯೇ ಇಲ್ಲವೇ ಎಂಬ ತೀರ್ಪಿಗೆ ಅವಸರ ಬೇಡ. ಎಷ್ಟು ಹೊತ್ತು ನೋಡಿದೆ ಎಂದು ಕೇಳಿರಿ. ನನ್ನ ಮೊಮ್ಮಗಳು ಈಗ ಭಾನುವಾರಗಳಲ್ಲಿ ನನ್ನ ಪಕ್ಕ ಕೂರುತ್ತಾಳೆ. ಕಳೆದ ವಾರ ಅವಳು ಮಲ್ಪೆಯಲ್ಲಿ ಬಲೆ ಹೊಲಿಯುವ ಮುದುಕನೊಬ್ಬನನ್ನು ಬರೆದಳು. ಬರೆಯುವುದಕ್ಕೆ ಮೊದಲು ಹತ್ತಿರ ಹೋಗಿ ಅವನ ಹೆಸರು ಕೇಳಿ ಬಂದಳು.