ಮಾಗಿದ ತೋಳು

2008ನೆಯ ಇಸವಿ ಅಕ್ಟೋಬರ್ ತಿಂಗಳ ನಡುವೆ ರಾಜಾಜಿನಗರದ ಒಂದು ಮನೆಯ ಜಗಲಿಯಲ್ಲಿ ತಾತನಿಗೂ ಮೊಮ್ಮಗನಿಗೂ ವಾದ ಹತ್ತಿತು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯದವರೊಡನೆ ನಡೆದ ಟೆಸ್ಟ್ ಪಂದ್ಯ ಆಗತಾನೆ ಮುಗಿದಿತ್ತು. ಭಾರತ ತಂಡದ ನಾಯಕರಾಗಿದ್ದ ಅನಿಲ್ ಕುಂಬ್ಳೆಯವರು ತಾವು ಹುಟ್ಟಿ ಬೆಳೆದ ಊರಿನಲ್ಲಿಯೇ, ಐದು ದಿನದ ಆಟದಲ್ಲಿ ಒಂದು ವಿಕೆಟ್ಟನ್ನೂ ಪಡೆಯದೆ ಹಿಂದಿರುಗಿದ್ದರು.

“ಕುಂಬ್ಳೆಗೆ ವಯಸ್ಸಾಯಿತು, ತಾತ. ಇನ್ನು ಬಿಟ್ಟುಬಿಡಬೇಕು,” ಎಂದನು ಮೊಮ್ಮಗ.

“ವಯಸ್ಸಾಗುವುದು ಅಪರಾಧವೇನಪ್ಪ? ಜನವರಿಯಲ್ಲಿ ಪರ್ತಿನಲ್ಲಿ ಆರುನೂರನೆಯ ವಿಕೆಟ್ಟು ತೆಗೆದದ್ದು ಇದೇ ಕೈ ತಾನೆ?”

“ಜನವರಿ ಆಗಿಹೋಯಿತಲ್ಲ, ತಾತ.”

ತಾತನಿಗೆ ಇದಕ್ಕೆ ಒಡನೆಯೇ ಉತ್ತರ ದೊರೆಯಲಿಲ್ಲ. ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಮೂವತ್ತೈದು ವರ್ಷ ಲೇತ್ ಯಂತ್ರದ ಮುಂದೆ ನಿಂತು ದುಡಿದ ಆ ಹಿರಿಯರಿಗೆ ಕೈಯ ಸ್ವಭಾವವು ತಿಳಿಯದ್ದಲ್ಲ. ಕೆಲಸದ ಕೊನೆಯ ವರ್ಷಗಳಲ್ಲಿ ಅವರ ಕೈ ತಪ್ಪುತ್ತಿರಲಿಲ್ಲ. ಯೌವನದಲ್ಲಿ ಹಿಡಿದುದಕ್ಕಿಂತ ಸೂಕ್ಷ್ಮವಾದ ಅಳತೆಯನ್ನೇ ಹಿಡಿಯುತ್ತಿತ್ತು. ಆದರೆ ಸೋಮವಾರದ ಕೆಲಸದ ನೋವು ಬುಧವಾರದವರೆಗೂ ಭುಜದಲ್ಲಿ ನಿಲ್ಲುತ್ತಿತ್ತು. ಈ ಸಂಗತಿಯನ್ನು ಅವರು ಮನೆಯಲ್ಲಿ ಯಾರಿಗೂ ಹೇಳಿದವರಲ್ಲ. ಎದುರು ಮನೆಯ ನಿವೃತ್ತ ಗುಮಾಸ್ತರು ನಡುವೆ ಬಾಯಿಹಾಕಿ, ರಾಜ್ಯ ಸರ್ಕಾರದ ನೌಕರರ ನಿವೃತ್ತಿಯ ವಯಸ್ಸನ್ನು ಆ ವರ್ಷವೇ 58ರಿಂದ 60ಕ್ಕೆ ಏರಿಸಿದುದನ್ನೂ, ತಾವು ಅದಕ್ಕೆ ಕೆಲವೇ ತಿಂಗಳ ಮುಂಚೆ ಮನೆ ಸೇರಿದುದನ್ನೂ ಮತ್ತೊಮ್ಮೆ ತೋಡಿಕೊಂಡರು. ಗುಮಾಸ್ತರ ಲೇಖನಿಗೆ ಎರಡು ವರ್ಷ ಕೂಡಿಸಲು ಒಂದು ಆಜ್ಞಾಪತ್ರ ಸಾಕು. ಬೌಲರನ ಭುಜಕ್ಕೆ ಒಂದು ಓವರನ್ನು ಕೂಡಿಸಲು ಯಾವ ಸರ್ಕಾರಕ್ಕೂ ಅಧಿಕಾರವಿಲ್ಲ.

ಮುಪ್ಪಿನ ಸಾಮರ್ಥ್ಯವನ್ನು ಕುರಿತ ಈ ವಾದವು ಕನ್ನಡಿಗರಿಗೆ ಹೊಸದಲ್ಲ. ಪಂಪನ ಭಾರತದಲ್ಲಿ ಭೀಷ್ಮನಿಗೆ ಸೇನಾಧಿಪತ್ಯದ ಪಟ್ಟವನ್ನು ಕಟ್ಟುವಾಗ ಕರ್ಣನು ಆತನ ಮುಪ್ಪನ್ನೇ ಎತ್ತಿ ಹಂಗಿಸುತ್ತಾನೆ. ವ್ಯಾಸರು ದ್ರೋಣನನ್ನು ಎಂಬತ್ತು ದಾಟಿದ ವೃದ್ಧನೆಂದು ಹೇಳಿ, ರಣದಲ್ಲಿ ಆತನ ಸಂಚಾರವು ಹದಿಹರೆಯದವನದೆಂದೂ ವರ್ಣಿಸುತ್ತಾರೆ. ಕಥೆ ಕೇಳುವವರು ಇದನ್ನು ಸಂತೋಷದಿಂದ ನಂಬುವರು. ಆದರೆ ಭೀಷ್ಮನು ಕಾದಿದ್ದು ಹತ್ತೇ ದಿನ, ದ್ರೋಣನು ಐದೇ ದಿನ ಎಂಬ ಲೆಕ್ಕವನ್ನು ಮರೆಯುವರು. ವೃದ್ಧನು ಯುದ್ಧ ಮಾಡಬಲ್ಲನೇ ಎಂದು ಕೇಳುವುದಕ್ಕಿಂತ, ಎಷ್ಟು ದಿನ ಮಾಡಬಲ್ಲನು, ಒಂದು ದಿನ ಮಾಡಿದ ಮೇಲೆ ಮರುದಿನ ಏಳಬಲ್ಲನೇ ಎಂದು ಕೇಳುವುದು ಹೆಚ್ಚು ನ್ಯಾಯವಾದದ್ದು. ಕುಂಬ್ಳೆಯವರ ಕೊನೆಯ ವರ್ಷಗಳನ್ನು ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೋಡಿದಲ್ಲದೆ ಅವುಗಳ ಅರ್ಥವಾಗದು.

ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಕೆಂಗೇರಿಯ ಕಡೆಗೆ ಹೊರಟವರಿಗೆ ದಾರಿಯಲ್ಲಿ ಆರ್. ವಿ. ಎಂಜಿನಿಯರಿಂಗ್ ಕಾಲೇಜು ಸಿಗುತ್ತದೆ. ಕುಂಬ್ಳೆಯವರು ಮೆಕ್ಯಾನಿಕಲ್ ವಿಭಾಗದಲ್ಲಿ ಪದವಿ ಪಡೆದುದು ಇಲ್ಲಿ. ಮನೆತನ ಕಾಸರಗೋಡು ಸೀಮೆಯ ಕುಂಬಳೆಯದು; ಜನನ ಬೆಂಗಳೂರಿನಲ್ಲಿ, 1970ರ ಅಕ್ಟೋಬರ್ 17ರಂದು. 1990ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲ ಟೆಸ್ಟ್ ಆಡಿದಾಗ ಅವರು ಕನ್ನಡಕ ಧರಿಸಿದ ಹತ್ತೊಂಬತ್ತು ವರ್ಷದ ಹುಡುಗ. ಲೆಗ್ ಸ್ಪಿನ್ನರೆಂದು ಹೆಸರು. ಆದರೆ ಚೆಂಡು ಸಾಕಷ್ಟು ತಿರುಗದೆಂದು ಪಂಡಿತರ ಆಕ್ಷೇಪಣೆ. ಎತ್ತರದ ಆಳು, ಕೈಯನ್ನು ಕಿವಿಯ ಪಕ್ಕದಿಂದ ನೆಟ್ಟಗೆ ಎತ್ತಿ ಎಸೆಯುವರು; ಚೆಂಡು ವೇಗವಾಗಿ ಬಂದು, ನೆಲವನ್ನು ತಾಕಿ ನಿರೀಕ್ಷೆಗಿಂತ ಗೇಣುದ್ದ ಮೇಲಕ್ಕೆ ಪುಟಿಯುವುದು, ಇಲ್ಲವೆ ತಗ್ಗಾಗಿ ನೇರಕ್ಕೆ ನುಗ್ಗುವುದು. ಬೆರಳು ಮಣಿಕಟ್ಟುಗಳಿಂದ ಚೆಂಡನ್ನು ನಯವಾಗಿ ತಿರುಗಿಸಿ ಗಾಳಿಯಲ್ಲಿ ತೇಲಿಬಿಡುವವರಿಗೆ ಭುಜದ ಖರ್ಚು ಕಡಿಮೆ. ಕುಂಬ್ಳೆಯವರದು ಭುಜವನ್ನೇ ಕೀಲಾಗಿ ಮಾಡಿಕೊಂಡ ವಿದ್ಯೆ. ಟೆಸ್ಟ್ ಪಂದ್ಯಗಳೊಂದರಲ್ಲಿಯೇ ಆ ಕೀಲು 40,850 ಬಾರಿ ತಿರುಗಿತೆಂದರೆ ಅದರ ಸವೆತವನ್ನು ವಾಚಕರು ಊಹಿಸಬಹುದು.

ಸವೆತವು ಮೊದಲು ಬಯಲಾದುದು ಮೂವತ್ತರ ವಯಸ್ಸಿನಲ್ಲಿ. ಭುಜಕ್ಕೆ ದಕ್ಷಿಣ ಆಫ್ರಿಕದಲ್ಲಿ ಶಸ್ತ್ರಚಿಕಿತ್ಸೆಯಾಯಿತು. 2001ರಲ್ಲಿ ಆಸ್ಟ್ರೇಲಿಯದವರು ಬಂದಾಗ ಕುಂಬ್ಳೆಯವರು ಆಡುವ ಸ್ಥಿತಿಯಲ್ಲಿರಲಿಲ್ಲ. ಹರ್ಭಜನ್ ಸಿಂಗರು ಮೂರು ಪಂದ್ಯಗಳಲ್ಲಿ 32 ವಿಕೆಟ್ಟು ಕಿತ್ತು ಆ ಸ್ಥಾನ ತಮ್ಮದೆಂದು ಸಾರಿದರು. ಮರುವರ್ಷ ಆಂಟಿಗುವದಲ್ಲಿ ಕುಂಬ್ಳೆಯವರು ಮುರಿದ ದವಡೆಗೆ ಬಟ್ಟೆ ಸುತ್ತಿಕೊಂಡು ಬೌಲ್ ಮಾಡಿ ಬ್ರಯನ್ ಲಾರಾ ಅವರ ವಿಕೆಟ್ಟನ್ನು ಪಡೆದ ಚಿತ್ರವು ಈಗಲೂ ಮನೆಮನೆಗೆ ಪರಿಚಿತವಾಗಿದೆ. ಆದರೆ ಆ ಚಿತ್ರವನ್ನು ತೋರಿಸಿ ವಾದ ಮುಗಿಸುವವರು ಧೈರ್ಯವನ್ನೂ ಸಾಮರ್ಥ್ಯವನ್ನೂ ಒಂದೇ ಎಂದು ತಿಳಿಯುತ್ತಾರೆ. ಧೈರ್ಯಕ್ಕೆ ವಯಸ್ಸಿನ ಹಂಗಿಲ್ಲ. ನಿಜವಾದ ಉತ್ತರ ಬಂದುದು 2003ರ ಡಿಸೆಂಬರಿನಲ್ಲಿ. ಹರ್ಭಜನರಿಗೆ ಗಾಯವಾದುದರಿಂದ ಆಸ್ಟ್ರೇಲಿಯದಲ್ಲಿ ಅವಕಾಶ ದೊರೆಯಿತು. ಮೂರೇ ಟೆಸ್ಟುಗಳಲ್ಲಿ 24 ವಿಕೆಟ್ಟು, ಅದರಲ್ಲಿ ಸಿಡ್ನಿಯೊಂದರಲ್ಲಿಯೇ 12. ಆಗ ವಯಸ್ಸು ಮೂವತ್ತಮೂರು. ಮುಗಿದರೆಂದು ಒಮ್ಮೆ ಎಣಿಸಲ್ಪಟ್ಟವರು ಆ ಮೇಲೆ ಐದು ವರ್ಷ ಆಡಿದರು.

ಎಲ್ಲರಿಗೂ ಈ ಭಾಗ್ಯವಿಲ್ಲ. ಮೈಸೂರಿನಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರರ ಬಲಗೈ ಬಾಲ್ಯದ ಪೋಲಿಯೊ ರೋಗದಿಂದ ಸೊರಗಿದ್ದು, ಆ ಸೊರಗಿದ ಕೈಯ ಚಾಟಿಯಂಥ ಬೀಸಿನಿಂದಲೇ ಅವರ ಗೂಗ್ಲಿ ಭಯಂಕರವಾಯಿತು. 1977ರ ಕೊನೆಗೆ ಆರಂಭವಾಗಿ 78ರ ಜನವರಿಯಲ್ಲಿ ಮುಗಿದ ಮೆಲ್ಬರ್ನ್ ಪಂದ್ಯದಲ್ಲಿ ಅವರು ಎರಡು ಇನ್ನಿಂಗ್ಸಿನಲ್ಲಿಯೂ 52 ರನ್ನಿಗೆ 6 ವಿಕೆಟ್ಟು ಪಡೆದರು. ಆಸ್ಟ್ರೇಲಿಯದ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ವಿಜಯ ಅದು. ಸುಮಾರು ಒಂದೂವರೆ ವರ್ಷ ಕಳೆದ ಮೇಲೆ, 1979ರ ಜುಲೈನಲ್ಲಿ ಎಜ್‌ಬಾಸ್ಟನ್ನಿನಲ್ಲಿ, ಮೂವತ್ತನಾಲ್ಕರ ಹರೆಯದಲ್ಲಿ ಅವರ ಕೊನೆಯ ಟೆಸ್ಟು ನಡೆದುಹೋಯಿತು. ಆ ಬೀಸಿಗೆ ನಿಧಾನದ ಇನ್ನೊಂದು ರೂಪವಿರಲಿಲ್ಲ. ಅವರ ಒಡನಾಡಿ ಪ್ರಸನ್ನರದು ಇದಕ್ಕೆ ವಿರುದ್ಧವಾದ ಪ್ರಕೃತಿ. ಬಾಹುಬಲವನ್ನು ಎಂದೂ ನಂಬದೆ ಬುದ್ಧಿಯಿಂದ ಬ್ಯಾಟುಗಾರನನ್ನು ಮುಂದಕ್ಕೆ ಎಳೆದು ಕೆಡಹುತ್ತಿದ್ದವರು. ಎಂಜಿನಿಯರಿಂಗ್ ಓದಿಗಾಗಿ ಐದು ವರ್ಷ ಟೆಸ್ಟ್ ಆಟವನ್ನೇ ಬಿಟ್ಟು ಮರಳಿ ಬಂದವರು. ಇಂಥವರು ಬಹುಕಾಲ ನಿಲ್ಲುವರೆಂದು ಯಾರಾದರೂ ಹೇಳಬಹುದಾಗಿತ್ತು. ಆದರೂ 1978ರಲ್ಲಿ ಪಾಕಿಸ್ತಾನದ ಪ್ರವಾಸದಲ್ಲಿ ಜಹೀರ್ ಅಬ್ಬಾಸರೂ ಮಿಯಾಂದಾದರೂ ಭಾರತದ ಸ್ಪಿನ್ನರುಗಳನ್ನು ದಂಡಿಸಿದಾಗ ಪ್ರಸನ್ನರ ಟೆಸ್ಟ್ ಜೀವನವು ಲಾಹೋರಿನಲ್ಲಿ ಕೊನೆಗೊಂಡಿತು. ಅವರಿಗೆ ಆಗ ಮೂವತ್ತೆಂಟು ವರ್ಷ. ಅವರ ಲೆಕ್ಕದಲ್ಲಿ 189 ವಿಕೆಟ್ಟು ನಿಂತಿತು.

ಪರದೇಶಗಳಲ್ಲಿ ಇದಕ್ಕೆ ಅಪವಾದಗಳು ಇಲ್ಲದಿಲ್ಲ. ಇಂಗ್ಲೆಂಡಿನ ವಿಲ್ಫ್ರೆಡ್ ರೋಡ್ಸ್ ಎಂಬವರನ್ನು 1926ರಲ್ಲಿ ನಲವತ್ತೆಂಟನೆಯ ವಯಸ್ಸಿನಲ್ಲಿ ಓವಲ್ ಪಂದ್ಯಕ್ಕೆ ಕರೆಸಿಕೊಂಡರು. ಎರಡನೆಯ ಇನ್ನಿಂಗ್ಸಿನಲ್ಲಿ 44 ರನ್ನಿಗೆ 4 ವಿಕೆಟ್ಟು ಪಡೆದು ಅವರು ಆಸ್ಟ್ರೇಲಿಯವನ್ನು ಸೋಲಿಸಲು ನೆರವಾದರು. 1930ರಲ್ಲಿ ಐವತ್ತೆರಡನೆಯ ವಯಸ್ಸಿನಲ್ಲಿಯೂ ಟೆಸ್ಟ್ ಆಡಿದರು. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಪಿಚ್ಚರನೆಂಬ ಎಸೆತಗಾರನಿಗೆ ಭುಜವೇ ಸರ್ವಸ್ವ. ಅಲ್ಲಿ ಸ್ಯಾಚೆಲ್ ಪೇಜ್ ಎಂಬವರು 1965ರಲ್ಲಿ ಐವತ್ತೊಂಬತ್ತರಲ್ಲಿ ಕಣಕ್ಕಿಳಿದು ಮೂರು ಇನ್ನಿಂಗ್ಸ್ ಎಸೆದು, ಎದುರಾಳಿಗಳಿಗೆ ಒಂದೇ ಒಂದು ಹೊಡೆತವನ್ನು ಬಿಟ್ಟುಕೊಟ್ಟರು. ಕೇಳಲು ಸೊಗಸಾದ ಕಥೆ. ಆದರೆ ಅದು ಮೂರು ಇನ್ನಿಂಗ್ಸು, ಮತ್ತು ಒಂದೇ ದಿನ.

ಕುಂಬಳೆಯ ಸೀಮೆ ಯಕ್ಷಗಾನದ ಸೀಮೆ, ಪಾರ್ತಿಸುಬ್ಬನ ಊರು. ಅಲ್ಲಿಯ ವೇಷಧಾರಿಗೆ ಕಾಲು ಸೋತು ಕುಣಿತ ಸಾಗದಾದಾಗ ತಾಳಮದ್ದಳೆಯೆಂಬ ಆಶ್ರಯವುಂಟು. ಗೆಜ್ಜೆಯಿಲ್ಲ, ಕಿರೀಟವಿಲ್ಲ, ಕುಳಿತಲ್ಲಿಯೇ ಅರ್ಥ ಹೇಳಿ ಅದೇ ಕರ್ಣನನ್ನು, ಅದೇ ಭೀಷ್ಮನನ್ನು ಸಭೆಯ ಮುಂದೆ ನಿಲ್ಲಿಸಬಹುದು. ಮುಪ್ಪಿನಲ್ಲಿ ಅರ್ಥಗಾರಿಕೆಯು ಇಮ್ಮಡಿಯಾದವರೂ ಉಂಟು. ಬೌಲಿಂಗಿಗೆ ತಾಳಮದ್ದಳೆಯೆಂಬುದಿಲ್ಲ. ಬ್ಯಾಟುಗಾರನ ಮನಸ್ಸಿನಲ್ಲಿರುವುದೆಲ್ಲ ತಿಳಿದಿದ್ದರೂ ಓಡಿ ಬಂದು ಕೈ ಎತ್ತಲೇಬೇಕು.

ಹಾಗೆ ಕೈ ಎತ್ತುತ್ತ ಕುಂಬ್ಳೆಯವರು 2007ನೆಯ ಇಸವಿಯನ್ನು ತಲಪಿದರು. ಒಂದು ದಿನದ ಪಂದ್ಯಗಳಿಗೆ ಆ ವರ್ಷ ವಿದಾಯ ಹೇಳಿದುದು ವಿವೇಕದ ಕೆಲಸ. ಉಳಿದ ಶಕ್ತಿಯನ್ನು ಒಂದೆಡೆ ಕೂಡಿಟ್ಟಂತಾಯಿತು. ಆಗಸ್ಟ್‌ನಲ್ಲಿ ಓವಲ್‌ನಲ್ಲಿ, ತಮ್ಮ 118ನೆಯ ಟೆಸ್ಟಿನಲ್ಲಿ, ಔಟಾಗದೆ 110 ರನ್ ಹೊಡೆದು ಮೊದಲ ಶತಕವನ್ನು ಕಂಡರು. ಮುಪ್ಪು ಒಂದು ಕೈಯಿಂದ ಕಸಿದುಕೊಳ್ಳುವಾಗ ಇನ್ನೊಂದರಿಂದ ಯಾರೂ ಬೇಡದಿದ್ದುದನ್ನು ಕೊಡುವುದುಂಟು. ನವೆಂಬರಿನಲ್ಲಿ ದ್ರಾವಿಡರು ತೆರವು ಮಾಡಿದ ಟೆಸ್ಟ್ ನಾಯಕತ್ವವು ಮೂವತ್ತೇಳರ ಕುಂಬ್ಳೆಯವರ ಪಾಲಿಗೆ ಬಂದಿತು. ಭೀಷ್ಮನ ಪಟ್ಟಾಭಿಷೇಕವನ್ನು ಇಲ್ಲಿ ನೆನೆದರೆ ತಪ್ಪಾಗದು. ಮೆಲ್ಬರ್ನಿನಲ್ಲಿ 84 ರನ್ನಿಗೆ 5 ವಿಕೆಟ್ಟು. ಸಿಡ್ನಿಯ ಜಗಳದಲ್ಲಿ ನಾಯಕನ ಗಾಂಭೀರ್ಯ. 2008ರ ಜನವರಿ 17ರಂದು ಪರ್ತಿನಲ್ಲಿ ಆರುನೂರನೆಯ ವಿಕೆಟ್ಟು, ಎರಡು ದಿನ ಕಳೆದು ಗೆಲುವು. ರಾಜಾಜಿನಗರದ ತಾತ ಮುಂದಿಟ್ಟ ಸಾಕ್ಷ್ಯವು ಸುಳ್ಳಲ್ಲ.

ಆದರೆ ನಾಯಕನಾದ ವೃದ್ಧನಿಗೆ ಒಂದು ವಿಶೇಷವಾದ ಕಷ್ಟವಿದೆ. ಉಳಿದ ಬೌಲರುಗಳಿಗೆ ಚೆಂಡನ್ನು ಕೊಡುವವನೂ ಸಾಕೆಂದು ಹಿಂದೆಗೆದುಕೊಳ್ಳುವವನೂ ನಾಯಕ. ಕುಂಬ್ಳೆಯವರಿಗೆ ಸಾಕೆನ್ನುವವರು ಮೈದಾನದಲ್ಲಿ ಯಾರೂ ಇರಲಿಲ್ಲ. ಆ ವರ್ಷ ಶ್ರೀಲಂಕೆಯಲ್ಲಿ ಎದುರು ಪಕ್ಷದ ಹೊಸ ಹುಡುಗ ಅಜಂತ ಮೆಂಡಿಸ್ ಮೂರು ಟೆಸ್ಟುಗಳಲ್ಲಿ 26 ವಿಕೆಟ್ಟು ಪಡೆದನು. ಕುಂಬ್ಳೆಯವರಿಗೆ ವಿಕೆಟ್ಟು ವಿರಳವಾಯಿತು. ಅನಂತರ ಬೆಂಗಳೂರಿನ ಬರಿಗೈ. ಭುಜ ನೋಯುತ್ತಿದ್ದುದರಿಂದ ಮೊಹಾಲಿಯ ಪಂದ್ಯಕ್ಕೆ ಅವರು ಹೊರಗುಳಿದರು. ಆ ಪಂದ್ಯ ಆರಂಭವಾದ ಅಕ್ಟೋಬರ್ 17 ಅವರ ಮೂವತ್ತೆಂಟನೆಯ ಹುಟ್ಟುಹಬ್ಬದ ದಿನ. ಅವರ ಸ್ಥಾನದಲ್ಲಿ ಮೊದಲ ಬಾರಿಗೆ ಆಡಿದ ಅಮಿತ್ ಮಿಶ್ರಾ ಒಂದೇ ಇನ್ನಿಂಗ್ಸಿನಲ್ಲಿ 5 ವಿಕೆಟ್ಟು ಪಡೆದನು. ಧೋನಿಯ ನಾಯಕತ್ವದಲ್ಲಿ ಭಾರತವು 320 ರನ್ನುಗಳಿಂದ ಗೆದ್ದಿತು. ತಾನಿಲ್ಲದೆಯೂ ಮನೆ ನಡೆಯುತ್ತದೆಂಬುದನ್ನು ದೂರದಿಂದ ಕುಳಿತು ನೋಡುವ ಹುಟ್ಟುಹಬ್ಬವು ಯಾವ ಯಜಮಾನನಿಗೂ ಸುಲಭವಾದದ್ದಲ್ಲ.

ದಿಲ್ಲಿಗೆ ಅವರು ಮರಳಿದರು. ಫಿರೋಜ್ ಷಾ ಕೋಟ್ಲಾ ಅವರ ಪಾಲಿಗೆ ಕ್ಷೇತ್ರವೇ ಸರಿ. 1999ರ ಫೆಬ್ರವರಿಯಲ್ಲಿ ಪಾಕಿಸ್ತಾನದ ಒಂದು ಇನ್ನಿಂಗ್ಸಿನ ಹತ್ತು ವಿಕೆಟ್ಟುಗಳನ್ನೂ 74 ರನ್ನಿಗೆ ಒಬ್ಬರೇ ಪಡೆದುದು ಅಲ್ಲಿಯೇ. ಈ ಬಾರಿ ಕ್ಯಾಚ್ ಹಿಡಿಯಹೋಗಿ ಎಡಗೈಯ ಕಿರುಬೆರಳು ಸೀಳಿತು. 11 ಹೊಲಿಗೆ ಬಿದ್ದವು. ಹೊಲಿಸಿಕೊಂಡು ಬಂದು ಮತ್ತೆ ಬೌಲ್ ಮಾಡಿ, ಮಿಚೆಲ್ ಜಾನ್ಸನ್ ಹೊಡೆದ ಚೆಂಡನ್ನು ತಾವೇ ಓಡಿ ಹಿಡಿದರು. ಅದು 619ನೆಯ ವಿಕೆಟ್ಟು, ಕೊನೆಯದು. ಬೆರಳಿನ ಗಾಯಕ್ಕೂ ವಯಸ್ಸಿಗೂ ಸಂಬಂಧವಿಲ್ಲ, ಇಪ್ಪತ್ತರವನಿಗೂ ಆಗಬಹುದಾದದ್ದೇ. ಆದರೆ ಇಪ್ಪತ್ತರವನಿಗೆ ಮಾಯುವವರೆಗೆ ಕಾಯಲು ಕಾಲವಿರುತ್ತದೆ. ನಾಗಪುರದ ಮುಂದಿನ ಪಂದ್ಯಕ್ಕೆ ನಾಲ್ಕೇ ದಿನವಿತ್ತು. ನವೆಂಬರ್ 2ರಂದು, ಪಂದ್ಯದ ಕೊನೆಯ ದಿನ, ಅವರು ನಿವೃತ್ತಿಯನ್ನು ತಿಳಿಸಿದರು, ಯಾರೂ ಹೇಳಿಸಲಿಲ್ಲ. ಸಂಗಡಿಗರು ಹೆಗಲ ಮೇಲೆ ಹೊತ್ತು ಮೈದಾನವನ್ನು ಸುತ್ತಿಸಿದರು. ಪ್ರಸನ್ನರು ಲಾಹೋರಿನಲ್ಲಿ ಆಟ ಮುಗಿಸಿ ಆಗ ಸರಿಯಾಗಿ ಮೂವತ್ತು ವರ್ಷವಾಗಿತ್ತು. ಇಬ್ಬರ ವಯಸ್ಸೂ ಒಂದೇ.

ಇಲ್ಲಿಗೆ ಮುಗಿದಿದ್ದರೆ ಮೊಮ್ಮಗನ ವಾದವೇ ಗೆದ್ದಂತಾಗುತ್ತಿತ್ತು. ಆದರೆ 2009ರ ಬೇಸಗೆಯಲ್ಲಿ, ದೇಶದಲ್ಲಿ ಚುನಾವಣೆಯಿದ್ದುದರಿಂದ, ಐಪಿಎಲ್ ಪಂದ್ಯಾವಳಿಯನ್ನು ದಕ್ಷಿಣ ಆಫ್ರಿಕಕ್ಕೆ ಒಯ್ದರು. ಟೆಸ್ಟ್ ಬಿಟ್ಟ ಕುಂಬ್ಳೆಯವರು ಬೆಂಗಳೂರು ತಂಡಕ್ಕೆ ಅಲ್ಲಿ 21 ವಿಕೆಟ್ಟು ಪಡೆದರು. ನಡುವೆ ನಾಯಕತ್ವವನ್ನೂ ವಹಿಸಿಕೊಂಡು, ಹಿಂದಿನ ವರ್ಷ ತಳದಲ್ಲಿ ಉರುಳಾಡಿದ್ದ ತಂಡವನ್ನು ಕೊನೆಯ ಪಂದ್ಯದವರೆಗೆ ನಡೆಸಿದರು. ಆ ಪಂದ್ಯದಲ್ಲಿ ಮೊದಲ ಓವರಿನಲ್ಲಿಯೇ ಗಿಲ್‌ಕ್ರಿಸ್ಟರ ವಿಕೆಟ್ಟು ಉರುಳಿಸಿ, ನಾಲ್ಕು ಓವರಿನಲ್ಲಿ 16 ರನ್ನಿಗೆ 4 ಪಡೆದರು. ತಂಡವು 6 ರನ್ನಿನಿಂದ ಸೋತಿತು.

ಆದರೆ ಬೆಂಗಳೂರಿನವರ ನೆನಪಿನಲ್ಲಿ ಹೆಚ್ಚಾಗಿ ಉಳಿದುದು ಪಂದ್ಯಾವಳಿಯ ಮೊದಲ ದಿನ, ಏಪ್ರಿಲ್ 18. ಕೇಪ್‌ಟೌನಿನಲ್ಲಿ ರಾಜಸ್ಥಾನದವರು 58ಕ್ಕೆ ಕುಸಿದರು. ಕುಂಬ್ಳೆಯವರ ಲೆಕ್ಕ 5 ರನ್ನಿಗೆ 5 ವಿಕೆಟ್ಟು. ರಾಜಾಜಿನಗರದ ಆ ಮನೆಯಲ್ಲಿ ಆಗ ರಾತ್ರಿ ಬಹಳವಾಗಿತ್ತು. ಮೊಮ್ಮಗ ಎದ್ದು ನಿಂತು, “ಸೋತೆ ತಾತ, ಒಪ್ಪಿಕೊಂಡೆ!” ಎಂದು ಕೂಗಿದನು.

ತಾತ ಕನ್ನಡಕವನ್ನು ಸರಿಪಡಿಸಿಕೊಂಡು ಪರದೆಯನ್ನು ನೋಡಿದರು. “ಎಷ್ಟು ಓವರು ಮಾಡಿದರಪ್ಪ?”

“ಮೂರು ಓವರು, ಒಂದು ಬಾಲು.”

“ಹೂಂ. ನಾಳೆ ಬೆಳಿಗ್ಗೆ ಎದ್ದು ಮತ್ತೆ ಮಾಡಬೇಕಾಗಿಲ್ಲವಲ್ಲ,” ಎಂದು ಹೇಳಿ, ಬಲಗೈಯನ್ನು ಮೊಣಕಾಲಿಗೆ ಊರಿ, ಭುಜಕ್ಕೆ ನೋವಾಗದಂತೆ ಮೆಲ್ಲಗೆ ಎದ್ದು ಮಲಗಲು ಹೋದರು.