ನಾಲ್ಕನೆಯವನ ಗಡಿಯಾರ

ಸೈಕಲ್ ರೇಸಿನಲ್ಲಿ ಗೆರೆಯನ್ನು ಮೊದಲು ದಾಟಿದವನು ಕೈ ಎತ್ತುತ್ತಾನೆ, ಕ್ಯಾಮೆರಾಗಳೆಲ್ಲ ಅವನತ್ತ ನುಗ್ಗುತ್ತವೆ. ಇಡೀ ತಂಡ ಒಟ್ಟಾಗಿ ಗಡಿಯಾರದ ವಿರುದ್ಧ ಓಡುವ ತಂಡದ ಟೈಮ್ ಟ್ರಯಲ್‌ನಲ್ಲಿ ಈ ಮರ್ಯಾದೆ ಇಲ್ಲ. ಅಲ್ಲಿ ಮೊದಲು ಬಂದವನಿಗೆ ಕಿಮ್ಮತ್ತಿಲ್ಲ, ಎರಡನೆಯವನಿಗೂ ಇಲ್ಲ, ಮೂರನೆಯವನಿಗೂ ಇಲ್ಲ. ಗಡಿಯಾರ ನಿಲ್ಲುವುದು ನಾಲ್ಕನೆಯವನ ಮುಂದಿನ ಗಾಲಿ ಗೆರೆ ಮುಟ್ಟಿದಾಗ. 2019ರ ಟೂರ್ ಡಿ ಫ್ರಾನ್ಸ್‌ನಲ್ಲಿ ತಂಡಕ್ಕೆ ಎಂಟು ಸವಾರರು. ನಾಲ್ವರು ದಾರಿಯಲ್ಲಿ ಉದುರಿದರೂ ನಡೆಯುತ್ತದೆ. ಐದನೆಯವನೂ ಉದುರಿದನೋ, ಉಳಿದ ಮೂವರು ಎಷ್ಟೇ ಗಟ್ಟಿಗರಾಗಿದ್ದರೂ ಅವನಿಗಾಗಿ ತಿರುಗಿ ನೋಡುತ್ತ ಕಾಯಲೇಬೇಕು.

ಹೀಗಾಗಿ ಮುಂದಿರುವವನನ್ನು ಬಿಟ್ಟು ಹಿಂದಿರುವವನನ್ನು ನೋಡುವ ಚಾಳಿ ನನಗೆ ಅಂಟಿಕೊಂಡಿದೆ. ಆಲ್ಪ್ಸ್ ಪರ್ವತದ ಏರುಗಳು ಯಾರಿಗೆ ಬೇಡ? ಆದರೆ ದೊಡ್ಡ ಊರಿನ ಬೀದಿಗಳನ್ನು ಖಾಲಿ ಮಾಡಿಸಿ, ತಂಡಗಳನ್ನು ಕೆಲವು ನಿಮಿಷಗಳ ಅಂತರದಲ್ಲಿ ಒಂದೊಂದಾಗಿ ಬಿಡುವ ಆ ಒಂದು ದಿನ ನನಗೆ ಹಬ್ಬ. ಮನೆಯವರು ಆ ಸಂಜೆ ನನ್ನನ್ನು ಮಾತಾಡಿಸುವುದಿಲ್ಲ. ಮಾತಾಡಿಸಿ ಪ್ರಯೋಜನವಿಲ್ಲ ಎಂದು ಅವರಿಗೆ ಅನುಭವದಿಂದ ಗೊತ್ತಾಗಿದೆ.

ಈ ಹುಚ್ಚಿನ ಬೇರು ಹುಡುಕಿದರೆ ವಿಜಯಪುರದ ಗಾಳಿಯಲ್ಲಿ ಸಿಕ್ಕೀತು. ವಿಜಯಪುರ, ಬಾಗಲಕೋಟೆಯ ಕಡೆ ಸೈಕಲ್ ರೇಸಿನ ಹುಡುಗರು ಹೊಸಬರೇನಲ್ಲ. ರಾಷ್ಟ್ರಮಟ್ಟದ ಪದಕಗಳು ಆ ನೆಲಕ್ಕೆ ಎಷ್ಟೋ ಬಂದಿವೆ. ಬೆಳಿಗ್ಗೆ ಸೊಲ್ಲಾಪುರ ರಸ್ತೆಯಲ್ಲಿ ನಿಂತರೆ ಆರೇಳು ಹುಡುಗರ ಸಾಲು ಒಂದೇ ಗೆರೆಯಾಗಿ ಹಾದುಹೋಗುತ್ತಿತ್ತು. ಎರೆಹೊಲದ ಬಯಲು, ಗಾಳಿಗೆ ಅಡ್ಡ ಒಂದು ಮರವಿಲ್ಲ. ಮುಂದಿದ್ದವನು ಗಾಳಿಯನ್ನು ತನ್ನ ಮೈಮೇಲೆ ತೆಗೆದುಕೊಳ್ಳುತ್ತಾನೆ, ಹಿಂದಿನವರು ಅವನ ಮರೆಯಲ್ಲಿ ಉಸಿರು ಉಳಿಸಿಕೊಳ್ಳುತ್ತಾರೆ. ಅವನು ದಣಿದಾಗ ಮೊಣಕೈ ಆಡಿಸಿ ಬದಿಗೆ ಸರಿದು ಸಾಲಿನ ಕೊನೆಗೆ ಬಂದು ಸೇರುತ್ತಾನೆ. ಮೋಟರ್‌ಸೈಕಲ್ ಮೇಲೆ ಹಿಂದೆ ಬರುವ ಕೋಚ್‌ನದು ಒಂದೇ ಮಂತ್ರ: "ಗ್ಯಾಪ್ ಬಿಡಬ್ಯಾಡ್ರೋ, ಗ್ಯಾಪ್!" ಆಗ ನಾನು ಗಮನಿಸಿದ್ದು ಒಂದು ಸಣ್ಣ ವಿದ್ಯೆ. ಮುಂದಿನವನ ಗಾಲಿಗೆ ತೀರ ಹತ್ತಿರವಾದಾಗ ಆ ಹುಡುಗರು ಬ್ರೇಕ್ ಒತ್ತುತ್ತಿರಲಿಲ್ಲ. ತಲೆ, ಎದೆ ಒಂದಿಷ್ಟು ಮೇಲೆತ್ತುತ್ತಿದ್ದರು. ಗಾಳಿಯೇ ಅವರನ್ನು ಗೇಣಷ್ಟು ಹಿಂದಕ್ಕೆ ತಳ್ಳುತ್ತಿತ್ತು. ಬ್ರೇಕ್ ಒತ್ತಿದರೆ ಹಿಂದಿನವನು ಬೆಚ್ಚುತ್ತಾನೆ, ಅವನ ಹಿಂದಿನವನು ಬೀಳುತ್ತಾನೆ. ಯುರೋಪಿನಲ್ಲಿ ಕೋಟ್ಯಂತರ ಸಂಬಳ ತೆಗೆದುಕೊಳ್ಳುವವರು ಮಾಡುವುದೂ ಇದನ್ನೇ, ಗಂಟೆಗೆ 57 ಕಿಲೋಮೀಟರ್ ವೇಗದಲ್ಲಿ.

ಗಾಳಿಯ ಲೆಕ್ಕ ನಿರ್ದಯವಾದದ್ದು. ವೇಗ ದುಪ್ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಸೀಳಲು ಬೇಕಾದ ಶಕ್ತಿ ಎಂಟು ಪಟ್ಟು. ಒಬ್ಬನ ಬೆನ್ನಿಗೆ ಅಂಟಿಕೊಂಡು ಹೋದರೆ ಶ್ರಮದ ಸುಮಾರು ಮೂರನೇ ಒಂದು ಪಾಲು ಉಳಿಯುತ್ತದೆ. ಹಿಂದೆ ಒಬ್ಬ ಇದ್ದಾನೆಂಬ ಕಾರಣಕ್ಕೆ ಮುಂದಿನವನಿಗೂ ಚೂರು ಲಾಭವಿದೆ, ಅವನ ಬೆನ್ನ ಹಿಂದಿನ ಸುಳಿಗಾಳಿ ಕಡಿಮೆಯಾಗುತ್ತದೆ. ಎಂಟು ಜನರೂ ಸಮಾನ ಬಲದವರಾಗಿದ್ದರೆ ಆಟ ಸಲೀಸು. ಹಾಗೆಂದೂ ಇರುವುದಿಲ್ಲ. ಒಬ್ಬ ಟೈಮ್ ಟ್ರಯಲ್‌ನ ದೈತ್ಯ, ಒಬ್ಬ ಐವತ್ತೆಂಟು ಕಿಲೋ ತೂಗುವ ಬೆಟ್ಟದ ಹುಳು, ಒಬ್ಬ ಕೊನೆಯ ಇನ್ನೂರು ಮೀಟರಿಗಷ್ಟೇ ಹುಟ್ಟಿದ ಸ್ಪ್ರಿಂಟರ್. ಇವರನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಬೇಕು.

ಇಲ್ಲಿನ ಮೊದಲ ನಿಯಮ ಬಲಿಷ್ಠರ ಹೊಟ್ಟೆ ಉರಿಸುವಂಥದ್ದು: ಬಲವಿದ್ದವನು ಹೆಚ್ಚು ಹೊತ್ತು ಎಳೆಯಬೇಕು, ಹೆಚ್ಚು ವೇಗದಲ್ಲಿ ಎಳೆಯಬಾರದು. ಸಾಲು 56ರಲ್ಲಿ ಹೋಗುತ್ತಿದ್ದಾಗ ಅವನು ಉತ್ಸಾಹದಿಂದ 59ಕ್ಕೆ ಏರಿಸಿದರೆ ಕೊರಳು ಕುಯ್ಯುವುದು ಎದುರಾಳಿಯದ್ದಲ್ಲ, ತನ್ನದೇ ತಂಡದವನದ್ದು. ಆಗಷ್ಟೇ ತನ್ನ ಪಾಳಿ ಮುಗಿಸಿ, ಕಾಲಲ್ಲಿ ಬೆಂಕಿ ಇಟ್ಟುಕೊಂಡು, ಬದಿಯಿಂದ ಹಿಂದಕ್ಕೆ ಜಾರುತ್ತಿರುವವನು ಸಾಲಿನ ಬಾಲ ಹಿಡಿಯಬೇಕಾದ ಕ್ಷಣ ಅದು. ಹಿಡಿದರೆ ಬದುಕಿದ. ಒಂದು ಮೀಟರ್ ತಪ್ಪಿದರೆ ಮತ್ತೆ ಸಿಗುವುದಿಲ್ಲ. ಜಡೆ ಕೋಲಾಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿಯೂ ಚುರುಕಾದವಳು ಒಂದು ಹೆಜ್ಜೆ ಮುಂಚೆ ಇಟ್ಟರೆ ಸಾಕು, ಹಗ್ಗವೆಲ್ಲ ಗಂಟು.

ಊರೊಳಗೆ ಈ ಕಷ್ಟ ಇನ್ನಷ್ಟು. ಹೆದ್ದಾರಿಯಲ್ಲಿ ಗಾಳಿಯೊಂದೇ ವೈರಿ. ಊರಿನಲ್ಲಿ ವೃತ್ತಗಳು, ಟ್ರಾಮ್ ಹಳಿಗಳು, ಕಲ್ಲು ಹಾಸಿದ ಚೌಕಗಳು, ಮಳೆ ಬಿದ್ದರೆ ಎಣ್ಣೆಯಂತೆ ಜಾರುವ ಬಿಳಿ ಪಟ್ಟೆಗಳು. ಟೈಮ್ ಟ್ರಯಲ್ ಸೈಕಲ್ಲಿನ ಮುಂಚಾಚಿದ ಹಿಡಿಯಲ್ಲಿ ಮೊಣಕೈ ಊರಿ ಮಲಗಿದಾಗ ಬೆರಳಿಗೆ ಬ್ರೇಕ್ ಸಿಗುವುದಿಲ್ಲ. ಕೈ ಎತ್ತಿ ಬದಿಯ ಹ್ಯಾಂಡಲ್‌ಗೆ ತರಬೇಕು, ಅಷ್ಟರಲ್ಲಿ ಐದಾರು ಮೀಟರ್ ಮುಗಿದಿರುತ್ತದೆ. ತಿರುವಿನಲ್ಲಿ ಮೊದಲನೆಯವನು ಹೊರಬಿದ್ದು ವೇಗ ಹೆಚ್ಚಿಸುವಾಗ ಎಂಟನೆಯವನು ಇನ್ನೂ ಒಳಗೇ ವೇಗ ಇಳಿಸುತ್ತಿರುತ್ತಾನೆ. ಸಾಲು ಎಳೆದಂತಾಗುತ್ತದೆ, ಮತ್ತೆ ಕೂಡುತ್ತದೆ. ಪ್ರತಿ ತಿರುವಿಗೂ ಹಿಂದಿನವನು ಒಂದು ಸಣ್ಣ ಸ್ಪ್ರಿಂಟ್ ಮಾಡಲೇಬೇಕು. ಆದ್ದರಿಂದ ಒಳ್ಳೆಯ ತಂಡದ ಮುಂದಾಳು ತಿರುವು ದಾಟಿದ ಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಎರಡು ಪೆಡಲ್ ಹೊತ್ತು ತಡೆಯುತ್ತಾನೆ. ನನಗೆ ಈ ಆಟದಲ್ಲಿ ಅತ್ಯಂತ ಇಷ್ಟವಾದದ್ದು ಆ ತಡೆಯುವಿಕೆ. ಟಿವಿಯಲ್ಲಿ ಅದು ಕಾಣುವುದೇ ಇಲ್ಲ, ಹುಡುಕಬೇಕು.

2019ರ ಜುಲೈ 7ರಂದು ಬ್ರಸೆಲ್ಸ್‌ನಲ್ಲಿ ಅದನ್ನು ಕಣ್ತುಂಬ ನೋಡಿದೆ. ಬೆಲ್ಜಿಯಂನ ಸವಾರ ಎಡ್ಡಿ ಮೆರ್ಕ್ಸ್ ಮೊದಲ ಟೂರ್ ಗೆದ್ದು ಐವತ್ತು ವರ್ಷವಾಯಿತೆಂದು ಆ ವರ್ಷದ ಟೂರ್ ಅಲ್ಲಿಂದಲೇ ಹೊರಟಿತ್ತು. 1969ರಲ್ಲಿ ಮೆರ್ಕ್ಸ್, ಟೂರ್‌ನಲ್ಲಿ ಮುಂದಿರುವವನು ತೊಡುವ ಹಳದಿ ಜೆರ್ಸಿಯನ್ನು ಮೊದಲ ಸಲ ತೊಟ್ಟದ್ದೂ ತಂಡದ ಟೈಮ್ ಟ್ರಯಲ್‌ನಿಂದ, ಅದೂ ತಾನು ಬೆಳೆದ ವೊಲುವೆ-ಸೇಂಟ್-ಪಿಯೆರ್ ಬೀದಿಗಳಲ್ಲಿ, ಫಾಯೆಮಾ ತಂಡದ ಗೆಳೆಯರೊಂದಿಗೆ. ಅವನ ಅಪ್ಪ ಅಮ್ಮ ದಿನಸಿ ಅಂಗಡಿ ಇಟ್ಟಿದ್ದ ಬಡಾವಣೆ ಅದು. ಆ ವರ್ಷ ಅವನು ಹಳದಿ, ಹಸಿರು, ಬೆಟ್ಟದ ಪಟ್ಟ ಮೂರನ್ನೂ ಬಾಚಿಕೊಂಡ. ಒಬ್ಬನೇ ಎಲ್ಲವನ್ನೂ ತಿನ್ನುತ್ತಾನೆಂದು 'ನರಭಕ್ಷಕ' ಎಂಬ ಅಡ್ಡಹೆಸರು ಹೊತ್ತವನಿಗೆ ಮೊದಲ ಹಳದಿ ಕೊಡಿಸಿದ್ದು ಇಡೀ ತಂಡ.

ಐವತ್ತು ವರ್ಷದ ನಂತರದ ದಾರಿ ರಾಜರ ಅರಮನೆಯಿಂದ ಆಟೋಮಿಯಂವರೆಗೆ, 27.6 ಕಿ.ಮೀ. ಆಟೋಮಿಯಂ 1958ರ ವಿಶ್ವಮೇಳಕ್ಕೆ ಕಟ್ಟಿದ್ದು: 102 ಮೀಟರ್ ಎತ್ತರ, ಕೊಳವೆಗಳಿಂದ ಜೋಡಿಸಿದ ಒಂಬತ್ತು ದೊಡ್ಡ ಗೋಲಗಳು. (2017ರವರೆಗೆ ಟೂರ್ ತಂಡಗಳಲ್ಲೂ ಒಂಬತ್ತೇ ಜನರಿರುತ್ತಿದ್ದರು. ಈ ಪಂದ್ಯವನ್ನು ಎರಡು ವರ್ಷ ಮೊದಲೇ ಇಟ್ಟಿದ್ದರೆ ಲೆಕ್ಕ ಸರಿಹೋಗುತ್ತಿತ್ತು.) ಎಲ್ಲರಿಗಿಂತ ಮೊದಲು ಹೊರಟ ಇನಿಯೋಸ್ ತಂಡ 29 ನಿಮಿಷ 17 ಸೆಕೆಂಡಿನಲ್ಲಿ ಮುಗಿಸಿ ಗೆದ್ದವರ ಕುರ್ಚಿಯಲ್ಲಿ ಕೂತಿತು. ಕೂತೇ ಇತ್ತು. ಒಂದಾದ ಮೇಲೊಂದು ತಂಡ ಬಂದು ಸೋತು ಹೋಯಿತು. ಕಟ್ಟಕಡೆಗೆ ಹೊರಟದ್ದು ಯುಂಬೋ-ವಿಸ್ಮಾ. ಅವರ ಮೈಕ್ ಟ್ಯೂನಿಸೆನ್ ಹಿಂದಿನ ದಿನವಷ್ಟೇ, ತನ್ನ ನಾಯಕ ಬಿದ್ದದ್ದರಿಂದ ತಾನೇ ಸ್ಪ್ರಿಂಟ್‌ಗೆ ನುಗ್ಗಿ, ಹಳದಿ ತೊಟ್ಟಿದ್ದ. ಮೂವತ್ತು ವರ್ಷಗಳಲ್ಲಿ ಆ ಜೆರ್ಸಿ ತೊಟ್ಟ ಮೊದಲ ಡಚ್ಚ. ಆ ಸಾಲಿನಲ್ಲಿ ಟೋನಿ ಮಾರ್ಟಿನ್, ವೌಟ್ ವಾನ್ ಆರ್ಟ್ ಇಬ್ಬರೂ ಇದ್ದರು. ಮಾರ್ಟಿನ್ ಮುಂದೆ ಬಂದಾಗ ಅವನ ಬೆನ್ನು ಮೇಜಿನಷ್ಟು ಚಪ್ಪಟೆ, ತಲೆ ಅಲುಗದು, ಬೇಕೆಂದರೂ ವೇಗದಲ್ಲಿ ಏರಿಳಿತ ಸಿಗದು. ನಾಲ್ಕು ಸಲ ವಿಶ್ವ ಟೈಮ್ ಟ್ರಯಲ್ ಚಾಂಪಿಯನ್ ಆದವನು ತನ್ನ ಗೆಲುವನ್ನು ಬದಿಗಿಟ್ಟು ಇಷ್ಟು ಸಮವಾಗಿ ಕೂಲಿ ಮಾಡುವುದನ್ನು ನೋಡುವುದೇ ಒಂದು ಸುಖ. 28 ನಿಮಿಷ 57 ಸೆಕೆಂಡ್. ಇಪ್ಪತ್ತು ಸೆಕೆಂಡಿನ ಗೆಲುವು. ಇಷ್ಟು ಚಿಕ್ಕ ದಾರಿಯಲ್ಲಿ ಇಪ್ಪತ್ತು ಸೆಕೆಂಡ್ ಎಂದರೆ ದರೋಡೆ.

ಏಕೆಂದರೆ 2013ರಲ್ಲಿ ನೀಸ್‌ನ ಕಡಲದಂಡೆಯಲ್ಲಿ ಇದೇ ಪಂದ್ಯ ತೀರ್ಮಾನವಾದದ್ದು ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ. ಆಗ ತಂಡಕ್ಕೆ ಒಂಬತ್ತು ಜನ, ಲೆಕ್ಕ ಐದನೆಯವನದು. 25 ಕಿ.ಮೀ. ದಾರಿಯನ್ನು ಆಸ್ಟ್ರೇಲಿಯದ ಒರಿಕಾ-ಗ್ರೀನ್‌ಎಡ್ಜ್ 25 ನಿಮಿಷ 56 ಸೆಕೆಂಡಿನಲ್ಲಿ ಮುಗಿಸಿತು. ಸರಾಸರಿ ಗಂಟೆಗೆ 57.8 ಕಿ.ಮೀ. ಇದೇ ತಂಡದ ಬಸ್ಸು ಮೂರು ದಿನ ಮೊದಲು ಕಾರ್ಸಿಕಾದ ಬಾಸ್ಟಿಯಾದಲ್ಲಿ ಗುರಿಗೆರೆಯ ಕಮಾನಿನಡಿ ಸಿಕ್ಕಿಹಾಕಿಕೊಂಡು ಲೋಕದ ಮುಂದೆ ನಗೆಪಾಟಲಾಗಿತ್ತು. ಅತ್ತ ಸವಾರರು ಬಿರುಸಾಗಿ ಬರುತ್ತಿದ್ದಾರೆ, ಇತ್ತ ಬಸ್ಸು ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ! ನೀಸ್‌ನಲ್ಲಿ ಸೈಮನ್ ಗೆರಾನ್ಸ್ ಹಳದಿ ತೊಟ್ಟ. ಎರಡು ದಿನದ ನಂತರ ಅದು ಅವನ ತಂಡದ ಡ್ಯಾರಿಲ್ ಇಂಪಿಗೆ ಹೋಯಿತು, ಹಳದಿ ತೊಟ್ಟ ಮೊದಲ ದಕ್ಷಿಣ ಆಫ್ರಿಕನ್. ಬಾಸ್ಟಿಯಾದ ಆ ಗೊಂದಲದಲ್ಲೇ ಬಿದ್ದು ಸೊಂಟದ ಮೂಳೆ ಬಿರುಕು ಬಿಟ್ಟಿದ್ದ ಗೆರೈಂಟ್ ಥಾಮಸ್ ನೀಸ್‌ನಲ್ಲೂ ಸ್ಕೈ ತಂಡದ ಸಾಲಿನಲ್ಲಿದ್ದ. ಆ ದಿನ ನನ್ನ ಕಣ್ಣು ಹೆಚ್ಚು ಹೊತ್ತು ಅವನ ಮೇಲೇ ಇತ್ತು.

ಎಲ್ಲವೂ ಸಂತೋಷದ್ದೇ ಅಲ್ಲ. 2005ರ ಟೂರ್ ಡಿ ಫ್ರಾನ್ಸ್‌ನಲ್ಲಿ ಟೂರ್ಸ್ ಊರಿನಿಂದ ಬ್ಲುವಾವರೆಗಿನ 67.5 ಕಿ.ಮೀ. ಹಂತದಲ್ಲಿ ಹಳದಿ ಜೆರ್ಸಿಯ ಡೇವಿಡ್ ಜ್ಯಾಬ್ರಿಸ್ಕಿ ಬ್ಲುವಾ ಊರೊಳಗೆ, ಗುರಿ ಇನ್ನೇನು ಒಂದೂವರೆ ಕಿಲೋಮೀಟರ್ ಇದೆ ಎನ್ನುವಾಗ ಬಿದ್ದ. ಸಿಎಸ್‌ಸಿ ತಂಡ ನಿಲ್ಲಲಿಲ್ಲ, ನಿಲ್ಲುವಂತಿರಲಿಲ್ಲ. ಸೋತದ್ದು ಎರಡು ಸೆಕೆಂಡಿನಿಂದ. ಅವನು ಹರಿದ ಹಳದಿಯಲ್ಲಿ ಒಬ್ಬನೇ ಬಂದದ್ದನ್ನು ನಾನು ಮತ್ತೆ ಮತ್ತೆ ನೋಡಲಾರೆ.

ಸೆವಿಯ್ಯಾದಲ್ಲಿ ಸ್ಪೇನಿನ ದೊಡ್ಡ ರೇಸಾದ ವುವೆಲ್ಟಾ 2010ರಲ್ಲಿ ರಾತ್ರಿ ಹತ್ತರ ಮೇಲೆ ಬೇಕೆಂದೇ ದೀಪಗಳಡಿ, ತಂಡದ ಟೈಮ್ ಟ್ರಯಲ್‌ನಿಂದ ಶುರುವಾಯಿತು. ನಮಗೆ ಆಗ ನಡುರಾತ್ರಿ ಒಂದೂವರೆ. ಎಚ್‌ಟಿಸಿ-ಕೊಲಂಬಿಯಾ ಗೆದ್ದು, ಸ್ಪ್ರಿಂಟರ್ ಮಾರ್ಕ್ ಕ್ಯಾವೆಂಡಿಷ್‌ಗೆ ಮುಂದಿರುವವನ ಕೆಂಪು ಜೆರ್ಸಿ ತೊಡಿಸಿತು. ನಿದ್ದೆಗೆಟ್ಟದ್ದು ಸಾರ್ಥಕ. ಬಾರ್ಸಿಲೋನಾದಲ್ಲಿ 2023ರ ವುವೆಲ್ಟಾದ ಕತ್ತಲೆ ಮಾತ್ರ ಯಾರೂ ಕೇಳದೆ ಬಂದದ್ದು: ಸಂಜೆಯ ಹೊತ್ತು, ಮಳೆ, 14.8 ಕಿ.ಮೀ. ಊರ ತಿರುವುಗಳು. ಕೊನೆಯ ತಂಡಗಳು ಕಣ್ಣು ಕಾಣದೆ ಓಡಿದವು. ಲಾರೆನ್ಸ್ ಡಿ ಪ್ಲಸ್ ಬಿದ್ದು ಸೊಂಟ ಮುರಿದುಕೊಂಡ. ಸವಾರರು ಸಿಟ್ಟಾದರು, ಸಿಟ್ಟು ನ್ಯಾಯವಾಗಿತ್ತು.

ಈಗ ನಿಯಮವನ್ನೇ ತಿರುಗಿಸುತ್ತಿದ್ದಾರೆ. 2023ರ ಪ್ಯಾರಿಸ್-ನೀಸ್ ರೇಸಿನಲ್ಲಿ ಮೊದಲನೆಯವನು ಗೆರೆ ಮುಟ್ಟಿದಾಗಲೇ ತಂಡದ ಗಡಿಯಾರ ನಿಂತಿತು. ಒಟ್ಟು ಪಟ್ಟಿಗೆ ಪ್ರತಿಯೊಬ್ಬನಿಗೂ ಅವನವನ ಸಮಯ. 2026ರ ಟೂರ್ ಬಾರ್ಸಿಲೋನಾದಲ್ಲಿ ತಂಡದ ಟೈಮ್ ಟ್ರಯಲ್‌ನಿಂದಲೇ ಶುರು, ಕೊನೆಗೆ ಮೊಂಜುಯಿಕ್ ಗುಡ್ಡದ ಏರು ಎಂದು ಘೋಷಣೆಯಾದಾಗಲೂ ಇದೇ ಪದ್ಧತಿ ಎಂದರು. ದುರ್ಬಲ ತಂಡದಿಂದಾಗಿ ಒಳ್ಳೆಯ ನಾಯಕನಿಗೆ ನಷ್ಟವಾಗಬಾರದು ಎನ್ನುವುದು ಸಮರ್ಥನೆ. ಒಪ್ಪುವ ಮಾತೇ, ಆದರೆ ನನಗೆ ಹಿಡಿಸಲಿಲ್ಲ. ಎಂಟು ಜನರಲ್ಲಿ ಏಳು ಜನ ಉರಿದು ಕಳಚಿಕೊಳ್ಳುವ ರಾಕೆಟ್ ಟ್ಯಾಂಕುಗಳಾದರೆ, ತಿರುವಿನಾಚೆ ತಡೆದು ನಿಲ್ಲುವ ಆ ಎರಡು ಪೆಡಲ್‌ಗೆ ಕೆಲಸವೆಲ್ಲಿ? ಗೆಳೆಯರೊಂದಿಗಿನ ಜಗಳಕ್ಕೆ ಮಾತ್ರ ಹೊಸ ವಿಷಯ ಸಿಕ್ಕಿದೆ: ಕೊನೆಯ ಎಳೆತದವನು ನಾಯಕನನ್ನು ಎಲ್ಲಿ ಬಿಡಬೇಕು, ಏರಿನ ಬುಡದಲ್ಲೋ ಅರ್ಧ ದಾರಿಯಲ್ಲೋ? ಏರಿನಲ್ಲಿ ವೇಗ ಇಳಿದ ಮೇಲೆ ಮರೆಯ ಲಾಭವೂ ಇಳಿಯುತ್ತದೆ. ನನ್ನ ಪ್ರಕಾರ ಬುಡದಲ್ಲೇ ಬಿಡಬೇಕು.